ರೇಸ್ ತಂಡದ ಲಾಜಿಸ್ಟಿಕ್ಸ್ ಓದುವ ಮುನ್ನ ಪಠ್ಯಕ್ರಮ, ವೀಸಾ ಎರಡನ್ನೂ ನೋಡಿ

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದೇನೆ. ರೇಸ್ ತಂಡದಲ್ಲಿ ಕೆಲಸ ಮಾಡುವ ಆಸೆ. ಇಂಗ್ಲೆಂಡಿನ ಕಾಲೇಜೊಂದರಲ್ಲಿ ಮೋಟಾರ್‌ಸ್ಪೋರ್ಟ್ ಮ್ಯಾನೇಜ್‌ಮೆಂಟ್ ಮತ್ತು ಲಾಜಿಸ್ಟಿಕ್ಸ್ ಫೌಂಡೇಷನ್ ಡಿಗ್ರಿಗೆ ಸೇರಿ ಎಂದು ಏಜೆಂಟರು ಹೇಳುತ್ತಿದ್ದಾರೆ. ಎಂಜಿನಿಯರಿಂಗ್ ಓದದವರು ಸೇರಬಹುದೇ?

ಉತ್ತರ: ಎಂಜಿನಿಯರಿಂಗ್ ಇಲ್ಲದಿದ್ದರೆ ಚಿಂತೆಯಿಲ್ಲ, ಈ ಕೆಲಸಕ್ಕೆ ಬಿ.ಕಾಂ. ಒಳ್ಳೆಯ ಬುನಾದಿ. ಆದರೆ ಆ ಫೌಂಡೇಷನ್ ಡಿಗ್ರಿ ನಿಮಗೆ ಬೇಡ. ಎರಡು ವರ್ಷ ಓದಿದರೂ ಅದು ಪೂರ್ಣ ಪದವಿಯಲ್ಲ. ಪದವಿ ಪೂರ್ಣಗೊಳಿಸಲು ಮೇಲೊಂದು ವರ್ಷದ ‘ಟಾಪ್‌ಅಪ್’ ಓದು ಬೇಕು. ಓದು ಮುಗಿಸಿ ಅಲ್ಲೇ ಕೆಲಸ ಹುಡುಕಲು ಬೇಕಾದ ಗ್ರಾಜುಯೇಟ್ ವೀಸಾ ಅದೊಂದರಿಂದಲೇ ಸಿಗುವುದಿಲ್ಲ. ಬಿ.ಕಾಂ. ಮುಗಿಸಿದವರಿಗೆ ಅಲ್ಲಿ ಲಾಜಿಸ್ಟಿಕ್ಸ್ ಅಥವಾ ಸಪ್ಲೈ ಚೈನ್ ಸ್ನಾತಕೋತ್ತರ ಪದವಿ ಸಾಮಾನ್ಯವಾಗಿ ಒಂದೇ ವರ್ಷ. ಇನ್ನೊಂದು ವಿಷಯ ಏಜೆಂಟರು ಹೇಳುವುದೇ ಇಲ್ಲ: ರೇಸ್ ತಂಡಗಳ ವಾರಾಂತ್ಯದ ಕೆಲಸ ಎಷ್ಟೋ ಸಲ ಫ್ರೀಲಾನ್ಸ್ ಲೆಕ್ಕದಲ್ಲಿರುತ್ತದೆ, ವಿದ್ಯಾರ್ಥಿ ವೀಸಾದಲ್ಲಿ ಸ್ವಯಂ ಉದ್ಯೋಗಕ್ಕೆ ಅನುಮತಿಯಿಲ್ಲ.

ಯಾವ ಕೋರ್ಸಾದರೂ ಪಠ್ಯಕ್ರಮ ತರಿಸಿ ಓದಿ. ಪ್ರಾಯೋಜಕತ್ವ, ಮಾರ್ಕೆಟಿಂಗ್ ಪಾಠಗಳೇ ತುಂಬಿದ್ದರೆ ಬಿಟ್ಟುಬಿಡಿ. ಕಸ್ಟಮ್ಸ್, ವಿಮಾನ ಸರಕು, ಅಪಾಯಕಾರಿ ವಸ್ತುಗಳ ಸಾಗಣೆ ಇರಲೇಬೇಕು.

ತಂಡದ ಕಾರು, ಉಪಕರಣಗಳು ಸುಂಕ ಕಟ್ಟದೆ ಹೊರದೇಶಕ್ಕೆ ಹೋಗಿ ಮರಳಲು ಬಳಸುವ ದಾಖಲೆ ಎಟಿಎ ಕಾರ್ನೆಟ್. ಭಾರತದಲ್ಲಿ ಇದನ್ನು ಕೊಡುವುದು ವಾಣಿಜ್ಯೋದ್ಯಮ ಸಂಘಗಳ ಒಕ್ಕೂಟವಾದ ಫಿಕ್ಕಿ. ಅವಧಿ ಹೆಚ್ಚೆಂದರೆ 1 ವರ್ಷ. ಬ್ರೆಕ್ಸಿಟ್ ನಂತರ, 2021ರಿಂದ, ಬ್ರಿಟಿಷ್ ತಂಡಗಳು ಯುರೋಪಿನ ಒಕ್ಕೂಟದ ರೇಸುಗಳಿಗೆ ಹೋಗುವಾಗಲೂ ಇಂಥ ಕಾಗದಪತ್ರ ಮಾಡಿಸಬೇಕು. ಪ್ರತಿ ವಸ್ತುವಿನ ಸೀರಿಯಲ್ ನಂಬರ್, ತೂಕ, ಬೆಲೆ, ತಯಾರಾದ ದೇಶ ಪಟ್ಟಿಯಲ್ಲಿರುತ್ತವೆ. ಕೊನೆಯ ಗಳಿಗೆಯಲ್ಲಿ ಗೇರ್‌ಬಾಕ್ಸ್ ಬದಲಿಸಿ ಪಟ್ಟಿ ತಿದ್ದದೆ ಹೋದರೆ ಗಡಿಯಲ್ಲಿ ನಂಬರ್ ತಾಳೆಯಾಗುವುದಿಲ್ಲ. ಎಂಜಿನ್ ಆಯಿಲ್, ಬ್ರೇಕ್ ಕ್ಲೀನರ್‌ನಂತೆ ಖರ್ಚಾಗಿ ಹೋಗುವ ಸಾಮಾನು ಕಾರ್ನೆಟ್‌ಗೆ ಸೇರುವುದೇ ಇಲ್ಲ. ಎಲ್ಲಕ್ಕಿಂತ ದುಬಾರಿ ತಪ್ಪೆಂದರೆ ರಾತ್ರೋರಾತ್ರಿ ಲಾರಿ ಹೊರಡುವ ಗಡಿಬಿಡಿಯಲ್ಲಿ ನಿರ್ಗಮನದ ಸೀಲು ಹಾಕಿಸಿಕೊಳ್ಳದೇ ಇರುವುದು. ಸರಕು ಆ ದೇಶದಲ್ಲೇ ಉಳಿಯಿತೆಂದು ತಿಂಗಳುಗಳ ನಂತರ ಸುಂಕದ ನೋಟಿಸು ಬರುತ್ತದೆ.

ವಿಮಾನದಲ್ಲಿ ಕಳಿಸುವಾಗ ಗಾತ್ರಕ್ಕೂ ದುಡ್ಡು. 120×80×100 ಸೆಂ.ಮೀ. ಪೆಟ್ಟಿಗೆಯ ಗಾತ್ರವನ್ನು ವಿಮಾನ ಸರಕಿನ ರೂಢಿಯಂತೆ 6000ದಿಂದ ಭಾಗಿಸಿದರೆ 160 ಕೆ.ಜಿ.; ಒಳಗಿರುವುದು 90 ಕೆ.ಜಿ.ಯೇ ಆದರೂ ಬಾಡಿಗೆ 160ಕ್ಕೆ. ಬಿಡಿಯಾಗಿ ಕಳಿಸುವ ಲಿಥಿಯಂ-ಅಯಾನ್ ಬ್ಯಾಟರಿ (ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಇದರ ಸಂಖ್ಯೆ ಯುಎನ್ 3480) ಪ್ರಯಾಣಿಕ ವಿಮಾನದಲ್ಲಿ ಸರಕಾಗಿ ಹೋಗದು. ಸರಕು ವಿಮಾನದಲ್ಲೂ ಚಾರ್ಜ್ ಶೇ 30 ಮೀರಬಾರದು. ಟೂಲ್‌ಬಾಕ್ಸಿನ ಮೂಲೆಯಲ್ಲಿ ಮರೆತ ಒಂದು ಸ್ಪ್ರೇ ಡಬ್ಬಿಗೂ ಇಡೀ ಸರಕು ನಿಲ್ಲಬಹುದು.

ಶುಲ್ಕ ಕಟ್ಟುವ ಮೊದಲು ಇಲ್ಲೇ ಕೆಲಸ ಮಾಡಿ ನೋಡಿ. ನಿಮ್ಮ ಜಿಲ್ಲೆಯ ಕಾಫಿ ತೋಟಗಳಲ್ಲೇ ರ‍್ಯಾಲಿ ನಡೆಯುತ್ತದೆ; ಸಂಘಟಕರಿಗೆ ಮಾರ್ಷಲ್‌ಗಳು (ಸ್ಪರ್ಧೆಯ ದಾರಿಯಲ್ಲಿ ನಿಂತು ನೆರವಾಗುವವರು) ಬೇಕೇ ಬೇಕು. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬನ್ನೋ ದೇಶದ ಮೋಟಾರ್ ಕ್ರೀಡಾ ಕ್ಲಬ್‌ಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐನ ಚೆನ್ನೈ ಕಚೇರಿಯನ್ನೋ ಸಂಪರ್ಕಿಸಿ. ಕಾರುಗಳು ಬಂದ ಸಮಯ ದಾಖಲಿಸುವ ಟೈಮ್ ಕಂಟ್ರೋಲ್ ಹತ್ತಿರ ನಿಲ್ಲಲು ಕೇಳಿಕೊಳ್ಳಿ. ಮೋಟಾರ್ ಕ್ರೀಡೆಯ ಜಾಗತಿಕ ಸಂಸ್ಥೆ ಎಫ್‌ಐಎ ಮಾಡಿದ ರ‍್ಯಾಲಿ ನಿಯಮದಲ್ಲಿ ಒಂದು ನಿಮಿಷ ತಡವಾದರೆ 10 ಸೆಕೆಂಡ್ ದಂಡ, ಒಂದು ನಿಮಿಷ ಬೇಗ ಬಂದರೆ ಪೂರ್ತಿ 1 ನಿಮಿಷ. ಕಾರು ರಿಪೇರಿ ಮಾಡುವ ಸರ್ವಿಸ್ ತಂಡದ ವೇಳಾಪಟ್ಟಿಯೆಲ್ಲ ಇದರ ಸುತ್ತಲೇ. ಜೊತೆಗೆ ಬೆಂಗಳೂರಿನ ಯಾವುದಾದರೂ ಕಸ್ಟಮ್ಸ್ ಬ್ರೋಕರ್ ಕಚೇರಿಯಲ್ಲಿ ಆರು ತಿಂಗಳು ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಎಂಟ್ರಿ (ಆಮದು ಸರಕಿನ ಘೋಷಣಾ ಪತ್ರ) ತಯಾರಿಸುವುದನ್ನು ಕಲಿಯಿರಿ, ವಿಮಾನಯಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘವಾದ ಐಎಟಿಎಯ ಅಪಾಯಕಾರಿ ಸರಕಿನ ತರಬೇತಿಯನ್ನೂ ಪಡೆಯಿರಿ. ಆ ತರಬೇತಿಯನ್ನು 24 ತಿಂಗಳೊಳಗೆ ನವೀಕರಿಸಬೇಕಾದ್ದರಿಂದ ಕೆಲಸಕ್ಕೆ ಅರ್ಜಿ ಹಾಕುವ ಸಮಯಕ್ಕೆ ಹೊಂದಿಸಿಕೊಳ್ಳಿ.