ಡಬ್ಲಿನ್‌ನಲ್ಲಿ ಒಂದೇ ಒಂದು ಜಾರ್ಜಿಯನ್ ಮನೆ ನೋಡುವುದಾದರೆ ಯಾವುದು?

ಎರಡು ದಿನಕ್ಕೆ ಡಬ್ಲಿನ್‌ಗೆ ಬರುತ್ತಿದ್ದೇನೆ, ಇಲ್ಲಿನ ಜಾರ್ಜಿಯನ್ ಮನೆಗಳೆಲ್ಲ (ಜಾರ್ಜ್ ಹೆಸರಿನ ಬ್ರಿಟಿಷ್ ದೊರೆಗಳ ಕಾಲದವು, ಹೆಚ್ಚಾಗಿ 18ನೇ ಶತಮಾನದವು) ಫೋಟೋದಲ್ಲಿ ಒಂದೇ ತರಹದ ಬೋಳು ಇಟ್ಟಿಗೆ ಗೋಡೆಗಳು, ಅವುಗಳಲ್ಲಿ ನೋಡುವುದೇನಿದೆ ಎಂದು ಕೇಳಿದ್ದೀರಿ. ಹೊರಗಿನಿಂದ ಬೋಳೇ, ನಿಜ. ಕಟ್ಟಿಸಿದವರು ದುಡ್ಡು ಸುರಿದದ್ದೆಲ್ಲ ಒಳಗೆ. ನನ್ನ ಮಾತು ಕೇಳುವುದಾದರೆ, ಮೆರಿಯನ್ ಚೌಕದ ಬಣ್ಣದ ಬಾಗಿಲುಗಳ ಮುಂದೆ ಫೋಟೋ ತೆಗೆಸಿಕೊಳ್ಳುವುದನ್ನು ಹತ್ತು ನಿಮಿಷದಲ್ಲಿ ಮುಗಿಸಿ, ಲಿಫಿ ನದಿಯ ಉತ್ತರಕ್ಕಿರುವ ಹೆನ್ರಿಯೆಟ್ಟಾ ಬೀದಿಗೆ ಹೋಗಿ. ಅಲ್ಲಿನ 14ನೇ ನಂಬರಿನ ಮನೆ 2018ರಿಂದ ವಸ್ತುಸಂಗ್ರಹಾಲಯವಾಗಿದೆ.

ಒಳಗೆ ಕಾಲಿಡುವ ಮೊದಲು ಎದುರು ಬದಿಯಲ್ಲಿ ನಿಂತು ಕಿಟಕಿಗಳನ್ನು ನೋಡಿ. ಕೆಳಗಿನವು ಎತ್ತರ, ತುತ್ತತುದಿಯವು ಗಿಡ್ಡ. ಅತಿಥಿಗಳು ಬಂದು ಹೋಗುವ ಕೋಣೆಗಳಿಗೆ ಬೆಳಕು, ಎತ್ತರದ ಛಾವಣಿ, ಗಾರೆಯ ಅಲಂಕಾರ. ಮೇಲಿನ ಅಂತಸ್ತುಗಳಿಗೆ ಅದರ ಖರ್ಚು ಬೇಡ. ಅಡುಗೆಮನೆ ನೆಲಮಾಳಿಗೆಯಲ್ಲಿ. ಆಳುಗಳು ಓಡಾಡಲು ಹಿಂದೊಂದು ಬೇರೆಯೇ ಮೆಟ್ಟಿಲು. ಆ ಕಾಲದ ದೊಡ್ಡ ಮನೆಗಳ ಲೆಕ್ಕಾಚಾರವೇ ಇದು: ಯಾರು ಯಾರ ಕಣ್ಣಿಗೆ ಬೀಳಬೇಕು, ಯಾರು ಬೀಳಬಾರದು.

ಈ ಬೀದಿಯನ್ನು ಬೆಳೆಸಿದವನು ಲ್ಯೂಕ್ ಗಾರ್ಡಿನರ್, ಲೇವಾದೇವಿಯ ಜೊತೆಗೆ ಜಮೀನಿನ ವ್ಯವಹಾರವನ್ನೂ ಬಲ್ಲವನು. 14ನೇ ಮನೆ ಕಟ್ಟಿದ್ದು 1740ರ ದಶಕದ ಕೊನೆಯಲ್ಲಿ. ಮೊದಲು ವಾಸಕ್ಕೆ ಬಂದವರು ಲಾರ್ಡ್ ಮೋಲ್ಸ್‌ವರ್ತ್ ದಂಪತಿ. ಆಗ ಡಬ್ಲಿನ್‌ನಲ್ಲೇ ಐರ್ಲೆಂಡಿನ ಸಂಸತ್ತಿತ್ತು, ಅದಕ್ಕಾಗಿ ಶ್ರೀಮಂತರು ಇಲ್ಲಿ ಮನೆ ಮಾಡಿದ್ದರು. 1801ರಲ್ಲಿ ಐರ್ಲೆಂಡನ್ನು ಬ್ರಿಟನ್ನಿನ ಜೊತೆ ಒಕ್ಕೂಟವಾಗಿ ಸೇರಿಸಿದಾಗ ಆ ಸಂಸತ್ತು ರದ್ದಾಗಿ ಅಧಿಕಾರ ಲಂಡನ್ನಿಗೆ ಹೋಯಿತು. ಅದರ ಹಿಂದೆಯೇ ಅವರೂ ಗಂಟುಮೂಟೆ ಕಟ್ಟಿದರು. 1840ರ ದಶಕದ ಮಹಾ ಕ್ಷಾಮದ ನಂತರ ಸಾಲದಲ್ಲಿ ಮುಳುಗಿದ ಜಮೀನ್ದಾರರ ಆಸ್ತಿಯನ್ನು ಮಾರುವ ಕಚೇರಿ ಇದೇ ಮನೆಗೆ ಬಂತು. ಜಮೀನ್ದಾರರ ಮನೆಯಲ್ಲೇ ಜಮೀನ್ದಾರರ ಹರಾಜು! ಆಮೇಲೆ ಕೆಲಕಾಲ ಸೈನಿಕರ ವಸತಿ.

1877ರಲ್ಲಿ ಥಾಮಸ್ ವ್ಯಾನ್ಸ್ ಎಂಬಾತ ಇದನ್ನು ಕೊಂಡು 19 ಬಿಡಾರಗಳ ವಠಾರ ಮಾಡಿದ. ವಠಾರ ಎಂದರೆ ನಮ್ಮವರಿಗೆ ಹೆಚ್ಚು ವಿವರಿಸಬೇಕಿಲ್ಲ. ಇನ್ನಷ್ಟು ಕೋಣೆಗಳಿಗೆ ಜಾಗ ಬೇಕೆಂದು ಮುಂಭಾಗದ ಭವ್ಯ ಮೆಟ್ಟಿಲನ್ನೇ ಕಿತ್ತು ಹಾಕಿದ. ಬಾಡಿಗೆಯ ಜಾಹೀರಾತಿನಲ್ಲಿ ಗ್ಯಾಸ್, ನಲ್ಲಿ ನೀರು, ಬಟ್ಟೆ ಒಣಗಿಸಲು ಅಂಗಳ ಎಂದೆಲ್ಲ ಹೊಗಳಿಕೆಯಿತ್ತು. ಶೌಚಾಲಯ ಮಾತ್ರ ಮೆಟ್ಟಿಲ ತಿರುವಿನಲ್ಲಿ, ಎಲ್ಲರಿಗೂ ಸೇರಿ. 1911ರ ಜನಗಣತಿಯ ಹೊತ್ತಿಗೆ ಈ ಒಂದು ಮನೆಯಲ್ಲಿ 100 ಜನ. ಪುಸ್ತಕಕ್ಕೆ ರಟ್ಟು ಕಟ್ಟುವವರು, ಪೀಠೋಪಕರಣಕ್ಕೆ ಪಾಲಿಷ್ ಹಾಕುವವರು, ಟೋಪಿ ಹೊಲಿಯುವವರು. ಕೊನೆಯ ಬಾಡಿಗೆದಾರರು ಖಾಲಿ ಮಾಡಿದ್ದು 1970ರ ದಶಕದಲ್ಲಿ.

ನನಗೆ ಇಷ್ಟವಾಗುವುದು ಇದನ್ನು ದುರಸ್ತಿ ಮಾಡಿದ ಬಗೆ. ಎಲ್ಲವನ್ನೂ ಕೆರೆದು 1740ರ ದಶಕಕ್ಕೆ ಮರಳಿಸಬಹುದಿತ್ತು. ನಗರಪಾಲಿಕೆ ಹಾಗೆ ಮಾಡಲಿಲ್ಲ. ಗೋಡೆಗಳಲ್ಲಿ ವಠಾರದ ಕಾಲದ ಕೆಂಪು, ನೀಲಿ ಬಣ್ಣಗಳು ಉಳಿದಿವೆ. ಆ ನೀಲಿಗೆ ಇಲ್ಲಿ ರೆಕಿಟ್ಸ್ ಬ್ಲೂ ಎನ್ನುತ್ತಾರೆ, ಬಟ್ಟೆಗೆ ಹಾಕುವ ನೀಲಿಯ ಹೆಸರು ಅದು. ನಮ್ಮ ಮನೆಗಳ ರಾಬಿನ್ ಬ್ಲೂ ಕೂಡ ಅದೇ ಕಂಪನಿಯದು. ಬೆಡಗಿನ ಮನೆಯನ್ನಷ್ಟೇ ನೋಡಬೇಕೆಂದರೆ ಬ್ರಿಟನ್ನಿನ ಬಾತ್ ನಗರದಲ್ಲಿ, ಎಡಿನ್‌ಬರೋದಲ್ಲಿ ಇದಕ್ಕಿಂತ ಥಳಕಿನವು ಸಿಗುತ್ತವೆ. ಮನೆಯೊಂದರ ಪೂರ್ತಿ ಆಯಸ್ಸು ಇಷ್ಟು ಸ್ಪಷ್ಟವಾಗಿ ಕಾಣುವುದು ಅಪರೂಪ.

ಒಳಗೆ ಮಾರ್ಗದರ್ಶಕರ ಜೊತೆಗೇ ಹೋಗಬೇಕು, ಹಾಗಾಗಿ ಟಿಕೆಟ್ಟನ್ನು ಮೊದಲೇ ಕಾಯ್ದಿರಿಸಿಕೊಳ್ಳಿ. ಬೀದಿ ಕಲ್ಲುಹಾಸಿನದು, ಏರು ಬೇರೆ; ಮಳೆ ಬಂದರೆ ಜಾರುತ್ತದೆ. ಒಳ್ಳೆಯ ಶೂ ಹಾಕಿಕೊಂಡು ಬನ್ನಿ.