ಓದುಗರ ಪ್ರಶ್ನೋತ್ತರ: ಏರ್ ರೈಫಲ್‌ಗೆ ಒಪ್ಪುವ ಸ್ಕೋಪ್ ಯಾವುದು?

ಪ್ರಶ್ನೆ: ಸಿಡಿಮದ್ದಿನ ದೊಡ್ಡ ರೈಫಲ್‌ನ ಮೇಲೆ ವರ್ಷಗಟ್ಟಲೆ ಚೆನ್ನಾಗಿದ್ದ ಸ್ಕೋಪನ್ನು (ಗುರಿ ಹಿಡಿಯುವ ದೂರದರ್ಶಕವನ್ನು) ನನ್ನ ಸ್ಪ್ರಿಂಗ್ ಏರ್ ರೈಫಲ್‌ಗೆ ಹಾಕಿಸಿದೆ. ಕೆಲವೇ ವಾರಗಳಲ್ಲಿ ಅದರ ಕ್ರಾಸ್‌ಹೇರ್ (ಗುರಿ ತೋರುವ ಅಡ್ಡ-ಉದ್ದ ಗೆರೆಗಳು) ಒಳಗೇ ಓರೆಯಾಯಿತು. ಅಷ್ಟು ದೊಡ್ಡ ಒದೆತವನ್ನು ತಾಳಿಕೊಂಡದ್ದು ಗಾಳಿಯ ಬಂದೂಕಿನ ಮೇಲೆ ಕೆಟ್ಟದ್ದು ಹೇಗೆ?

ಉತ್ತರ: ಇಲ್ಲಿ ಒದೆತದ ಬಲಕ್ಕಿಂತ ಅದರ ದಿಕ್ಕು ಮುಖ್ಯ. ಸಿಡಿಮದ್ದಿನ ರೈಫಲ್ ಹಿಂದಕ್ಕೆ ಮಾತ್ರ ಒದೆಯುವುದರಿಂದ, ಅದಕ್ಕೆಂದು ತಯಾರಾದ ಸ್ಕೋಪ್‌ನಲ್ಲಿ ಮಸೂರಗಳಿಗೂ ಅವನ್ನು ಹಿಡಿದಿರುವ ಉಂಗುರಗಳಿಗೂ ಆ ಒಂದು ದಿಕ್ಕಿನ ಆಸರೆಯನ್ನು ಗಟ್ಟಿಯಾಗಿ ಕೊಟ್ಟಿರುತ್ತಾರೆ. ಸ್ಪ್ರಿಂಗ್ ರೈಫಲ್‌ನ ನಡೆಯೇ ಬೇರೆ. ಟ್ರಿಗರ್ ಎಳೆದೊಡನೆ ಭಾರವಾದ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ಅದರ ಪ್ರತಿಕ್ರಿಯೆಯಾಗಿ ಬಂದೂಕು ಹಿಂದೆ ಸರಿಯುತ್ತದೆ. ಮರುಕ್ಷಣವೇ ಪಿಸ್ಟನ್ ಸಿಲಿಂಡರಿನ ತುದಿಯಲ್ಲಿ ಒತ್ತಿಹೋದ ಗಾಳಿಗೆ ಬಡಿದು ನಿಲ್ಲುವಾಗ ಇಡೀ ಬಂದೂಕು ಥಟ್ಟನೆ ಮುಂದಕ್ಕೆ ಜಗ್ಗುತ್ತದೆ. ನಿಮ್ಮ ಸ್ಕೋಪ್ ಸೋತಿರುವುದು ಬಹುಮಟ್ಟಿಗೆ ಈ ಎರಡನೆಯ ಜಗ್ಗಿಗೆ. ಸ್ಪ್ರಿಂಗ್ ಬದಲು ಅನಿಲದ ಸಿಲಿಂಡರ್ ಇರುವ ರೈಫಲ್‌ಗಳೂ ಹೀಗೆಯೇ ವರ್ತಿಸುತ್ತವೆ. ಮೊದಲೇ ಒತ್ತಡದಲ್ಲಿ ಗಾಳಿ ತುಂಬಿಟ್ಟುಕೊಳ್ಳುವ ಪಿಸಿಪಿ ರೈಫಲ್‌ಗಳಲ್ಲಿ ಒದೆತ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ಅವುಗಳ ಮೇಲೆ ಈ ಭಯವಿಲ್ಲ.

ಆದುದರಿಂದ ನಿಮ್ಮದು ಸ್ಪ್ರಿಂಗ್ ರೈಫಲ್ ಆಗಿದ್ದರೆ, ‘ಸ್ಪ್ರಿಂಗ್ ಏರ್ ರೈಫಲ್‌ಗೆ ತಕ್ಕದ್ದು’ ಎಂದು ತಯಾರಕರು ಲಿಖಿತವಾಗಿ ಹೇಳಿರುವ ಸ್ಕೋಪನ್ನೇ ಆರಿಸಿರಿ. ಮಸೂರದ ಹೊಳಪು, ವರ್ಧನೆ, ಗುಂಡಿಗಳ ಸೊಗಸು ಎಲ್ಲವೂ ಇದರ ನಂತರದ ಮಾತು. ಇದರೊಂದಿಗೆ ಮೌಂಟನ್ನೂ, ಅಂದರೆ ಸ್ಕೋಪನ್ನು ಬಂದೂಕಿಗೆ ಬಿಗಿಯುವ ಹಿಡಿಕೆಯನ್ನೂ, ಗಮನಿಸಬೇಕು. ಹೆಚ್ಚಿನ ಏರ್ ರೈಫಲ್‌ಗಳ ಬೆನ್ನಿನ ಮೇಲೆ 11 ಮಿ.ಮೀ. ಅಗಲದ ಡವ್‌ಟೇಲ್ ಹಳಿ ಇರುತ್ತದೆ, ಪ್ರತಿ ಹೊಡೆತಕ್ಕೂ ಮೌಂಟ್ ಅದರ ಮೇಲೆ ಕೂದಲೆಳೆಯಷ್ಟು ಹಿಂದೆ ಜಾರುತ್ತ ಹೋಗುತ್ತದೆ. ಹಳಿಯಲ್ಲಿರುವ ರಂಧ್ರಕ್ಕೆ ಇಳಿಯುವ ತಡೆಮೊಳೆಯುಳ್ಳ ಮೌಂಟ್ ಈ ಜಾರುವಿಕೆಯನ್ನು ನಿಲ್ಲಿಸುತ್ತದೆ. ತಡೆಮೊಳೆ ಇಲ್ಲದ ಮೌಂಟಿನ ತಿರುಪುಗಳನ್ನು ಬಲವಂತವಾಗಿ ಬಿಗಿದರೆ ಜಾರುವುದು ನಿಲ್ಲುವುದಿಲ್ಲ, ಸ್ಕೋಪ್‌ನ ಕೊಳವೆ ನಜ್ಜಾಗುತ್ತದೆ ಅಷ್ಟೆ.

ಪ್ರಶ್ನೆ: ‘ಎಒ’ ಎಂದು ಬರೆದಿರುವ ಸ್ಕೋಪ್‌ಗಳಿಗೆ ಹೆಚ್ಚು ಹಣ ಕೇಳುತ್ತಾರೆ. ಇಪ್ಪತ್ತು ಮೀಟರ್ ದೂರದ ಗುರಿಗೆ ಇದರ ಅಗತ್ಯವಿದೆಯೇ?

ಉತ್ತರ: ಇದೆ, ಮತ್ತು ಗುರಿ ಹತ್ತಿರವಿರುವುದರಿಂದಲೇ ಇದೆ. ಮುಂಭಾಗದ ಮಸೂರವನ್ನು ತಿರುಗಿಸಿ ಪ್ಯಾರಲಾಕ್ಸನ್ನು ಸರಿಪಡಿಸುವ ಏರ್ಪಾಡು ಅದು. ಇದೇ ಕೆಲಸವನ್ನು ಎಡಬದಿಯ ಗುಂಡಿಯಿಂದ ಮಾಡುವ ಸ್ಕೋಪ್‌ಗಳೂ ಇವೆ. ಮುಂಭಾಗದ ಮಸೂರವು ಗುರಿಯ ಬಿಂಬವನ್ನು ಸ್ಕೋಪ್‌ನೊಳಗೆ ಒಂದು ಸಮತಲದಲ್ಲಿ ಮೂಡಿಸುತ್ತದೆ. ಕ್ರಾಸ್‌ಹೇರ್ ಅದೇ ಸಮತಲದಲ್ಲಿದ್ದರೆ, ಕಣ್ಣು ಅತ್ತಿತ್ತ ಸರಿದರೂ ಅದು ಗುರಿಯ ಮೇಲಿಂದ ಕದಲುವುದಿಲ್ಲ. ಬಿಂಬ ಮುಂದೆಯೋ ಹಿಂದೆಯೋ ಬಿದ್ದರೆ, ಕೆನ್ನೆಯನ್ನು ಹಿಡಿಯ ಮೇಲೆ ತುಸು ಬೇರೆಯಾಗಿ ಇಟ್ಟ ಮಾತ್ರಕ್ಕೆ ಕ್ರಾಸ್‌ಹೇರ್ ಗುರಿಯ ಮೇಲೆ ತೇಲಾಡುತ್ತದೆ. ನೀವು ನಡುವಿಗೇ ಹಿಡಿದೆನೆಂದು ನಂಬಿರುತ್ತೀರಿ, ಪೆಲೆಟ್ (ಏರ್ ರೈಫಲ್‌ನ ಪುಟ್ಟ ಗುಂಡು) ಬೇರೆಡೆ ಬೀಳುತ್ತದೆ.

ಸಿಡಿಮದ್ದಿನ ರೈಫಲ್‌ನ ಸ್ಕೋಪ್‌ಗಳಲ್ಲಿ ಈ ಹೊಂದಾಣಿಕೆಯನ್ನು ಸಾಮಾನ್ಯವಾಗಿ 100 ಗಜದ ಸುಮಾರಿಗೆ ಸ್ಥಿರಗೊಳಿಸಿರುತ್ತಾರೆ. ಇದರಿಂದಾಗುವ ತಪ್ಪನ್ನು ಅಂದಾಜು ಮಾಡುವುದು ಸುಲಭ: ಮುಂಭಾಗದ ಮಸೂರದ ತ್ರಿಜ್ಯವನ್ನು, ಗುರಿಯ ದೂರಕ್ಕೂ ಸ್ಥಿರಗೊಳಿಸಿದ ದೂರಕ್ಕೂ ಇರುವ ವ್ಯತ್ಯಾಸದಿಂದ ಗುಣಿಸಿ, ಸ್ಥಿರಗೊಳಿಸಿದ ದೂರದಿಂದ ಭಾಗಿಸಬೇಕು. 40 ಮಿ.ಮೀ. ಮಸೂರ, 100 ಮೀಟರ್‌ಗೆ ಸ್ಥಿರಗೊಂಡ ಪ್ಯಾರಲಾಕ್ಸ್, 20 ಮೀಟರ್‌ನ ಗುರಿ ಎಂದಿಟ್ಟುಕೊಂಡರೆ, ಕಣ್ಣು ಪೂರ್ತಿ ಅಂಚಿಗೆ ಸರಿದಾಗ 16 ಮಿ.ಮೀ. ತಪ್ಪು ಬರುತ್ತದೆ. ಇದು ಗರಿಷ್ಠ ಮಿತಿಯೇನೋ ನಿಜ, ಆದರೆ 4.5 ಮಿ.ಮೀ. ಪೆಲೆಟ್‌ನಿಂದ ಅಂಗಿಯ ಗುಂಡಿಯಷ್ಟು ಗುರಿಯನ್ನು ಹೊಡೆಯುವವರಿಗೆ ಇದರ ಕಾಲುಭಾಗವೂ ದುಬಾರಿಯೇ. 10 ಮೀಟರ್‌ವರೆಗೆ ಇಳಿಯುವ ಹೊಂದಾಣಿಕೆಯುಳ್ಳ ಸ್ಕೋಪ್ ಕೊಳ್ಳಿರಿ. ಕೊಳ್ಳುವ ಮುನ್ನ ಅದನ್ನು ಕದಲದಂತೆ ಇಟ್ಟು, ಹತ್ತಿರದ ಒಂದು ಚುಕ್ಕೆಯನ್ನು ನೋಡುತ್ತ ತಲೆಯನ್ನು ಮೆಲ್ಲಗೆ ಆಡಿಸಿದರೆ ಕ್ರಾಸ್‌ಹೇರ್ ನಿಂತಿದೆಯೇ ತೇಲುತ್ತಿದೆಯೇ ಎಂದು ನಿಮ್ಮ ಕಣ್ಣಿಗೇ ತಿಳಿಯುತ್ತದೆ. ಗುಂಡಿಯ ಮೇಲಿನ ಅಂಕಿಗಳಿಗಿಂತ ಈ ಪರೀಕ್ಷೆಯೇ ನಂಬಲರ್ಹ, ಏಕೆಂದರೆ ಆ ಅಂಕಿಗಳು ನಿಜವಾದ ದೂರಕ್ಕೆ ಎಷ್ಟೋ ಬಾರಿ ಸರಿಯಾಗಿ ತಾಳೆಯಾಗುವುದಿಲ್ಲ.

ಪ್ರಶ್ನೆ: 3–9×40 ಮತ್ತು 6–24×50 ಇವೆರಡರಲ್ಲಿ ಯಾವುದು ಉತ್ತಮ?

ಉತ್ತರ: ಮೊದಲ ಅಂಕಿಗಳು ವರ್ಧನೆಯ ವ್ಯಾಪ್ತಿ, ಕೊನೆಯದು ಮುಂಭಾಗದ ಮಸೂರದ ವ್ಯಾಸ. ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ವೃತ್ತದ ಅಗಲ ಸಿಗುತ್ತದೆ. 40 ಮಿ.ಮೀ. ಮಸೂರ 4 ಪಟ್ಟಿನಲ್ಲಿ 10 ಮಿ.ಮೀ. ಅಗಲದ ವೃತ್ತವನ್ನು ಕೊಟ್ಟರೆ, 50 ಮಿ.ಮೀ. ಮಸೂರ 24 ಪಟ್ಟಿನಲ್ಲಿ ಕೇವಲ 2 ಮಿ.ಮೀ. ಕೊಡುತ್ತದೆ. ಅಷ್ಟು ಕಿರಿದಾದ ವೃತ್ತಕ್ಕೆ ಕಣ್ಣನ್ನು ಹೊಂದಿಸುವುದೇ ಒಂದು ಕೆಲಸವಾಗುತ್ತದೆ, ನೋಟ ಮಬ್ಬಾಗುತ್ತದೆ, ಕೈನಡುಕವೂ ಹಿಗ್ಗಿ ಕಾಣುತ್ತದೆ. ಸಾಮಾನ್ಯ ಅಭ್ಯಾಸಕ್ಕೆ 3–9 ಅಥವಾ 4–12 ಸಾಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೆಚ್ಚಿನ ವರ್ಧನೆಗೆ ನಿಜವಾದ ಬೆಲೆ ಇರುವುದು ಫೀಲ್ಡ್ ಟಾರ್ಗೆಟ್ ಸ್ಪರ್ಧೆಯಲ್ಲಿ. ಅಲ್ಲಿ 8ರಿಂದ 55 ಗಜಗಳವರೆಗೆ ಎಲ್ಲೆಲ್ಲೋ ಇಟ್ಟ ಗುರಿಗಳ ದೂರವನ್ನು ಸ್ಪರ್ಧಿಯೇ ಊಹಿಸಬೇಕು. ವರ್ಧನೆ ಹೆಚ್ಚಿದಷ್ಟೂ ಸ್ಪಷ್ಟನೋಟದ ಆಳ ಕುಗ್ಗುವುದರಿಂದ, ಗುರಿ ನಿಚ್ಚಳವಾಗುವವರೆಗೆ ಪಕ್ಕದ ಗುಂಡಿಯನ್ನು ತಿರುಗಿಸಿ, ತಾವೇ ಗುರುತು ಹಾಕಿಟ್ಟುಕೊಂಡ ಚಕ್ರದ ಮೇಲೆ ದೂರವನ್ನು ಓದಿಕೊಳ್ಳುತ್ತಾರೆ.

ಪ್ರಶ್ನೆ: 30 ಮೀಟರ್‌ಗೆ ಸರಿಯಾಗಿ ಝೀರೋ ಮಾಡಿದ್ದೇನೆ, ಅಂದರೆ ಆ ದೂರದಲ್ಲಿ ಪೆಲೆಟ್ ಕ್ರಾಸ್‌ಹೇರ್ ತೋರುವಲ್ಲೇ ಬೀಳುತ್ತದೆ. ಆದರೂ 10 ಮೀಟರ್‌ನಲ್ಲಿ ಪೆಲೆಟ್ ಕೆಳಗೆ, 20 ಮೀಟರ್‌ನಲ್ಲಿ ಮೇಲೆ ಬೀಳುತ್ತದೆ. ಸ್ಕೋಪ್‌ನಲ್ಲಿ ದೋಷವಿದೆಯೇ?

ಉತ್ತರ: ದೋಷವಿಲ್ಲ. ಸ್ಕೋಪ್ ನಳಿಕೆಯ ಮೇಲಿದೆ, ಪೆಲೆಟ್ ಕೆಳಗಿನಿಂದ ಹೊರಟು ನಿಮ್ಮ ದೃಷ್ಟಿರೇಖೆಯನ್ನು ಒಮ್ಮೆ ಏರುವಾಗ, ಇನ್ನೊಮ್ಮೆ ಇಳಿಯುವಾಗ ಎಂದು ಎರಡು ಬಾರಿ ದಾಟುತ್ತದೆ. ಸ್ಕೋಪ್ ನಳಿಕೆಗಿಂತ 45 ಮಿ.ಮೀ. ಎತ್ತರದಲ್ಲಿದ್ದು, ಪೆಲೆಟ್ ಸೆಕೆಂಡಿಗೆ ಸುಮಾರು 240 ಮೀಟರ್ ವೇಗದಲ್ಲಿ ಹೊರಟರೆ, 30 ಮೀಟರ್‌ನ ಝೀರೋಗೆ ಮೊದಲ ದಾಟು ಹೆಚ್ಚುಕಡಿಮೆ 14 ಮೀಟರ್‌ನಲ್ಲಿ ಬರುತ್ತದೆ. 20 ಮೀಟರ್‌ನಲ್ಲಿ ಸುಮಾರು 8 ಮಿ.ಮೀ. ಮೇಲೆ, 10 ಮೀಟರ್‌ನಲ್ಲಿ ಹೆಚ್ಚುಕಡಿಮೆ ಅಷ್ಟೇ ಕೆಳಗೆ, 5 ಮೀಟರ್‌ನಲ್ಲಿ ಸುಮಾರು 25 ಮಿ.ಮೀ. ಕೆಳಗೆ. ನಿಮ್ಮ ರೈಫಲ್‌ಗೂ ಪೆಲೆಟ್‌ಗೂ ತಕ್ಕ ಅಂಕಿಗಳನ್ನು ಐದೈದು ಮೀಟರ್ ಅಂತರದಲ್ಲಿ ಹೊಡೆದು ನೋಡಿ ಬರೆದಿಟ್ಟುಕೊಳ್ಳಿರಿ.

ಈ ವ್ಯತ್ಯಾಸವನ್ನು ತುಂಬಿಕೊಳ್ಳಲು ಮಿಲ್-ಡಾಟ್ ರೆಟಿಕಲ್, ಅಂದರೆ ಸಮ ಅಂತರದ ಚುಕ್ಕೆಗಳುಳ್ಳ ಕ್ರಾಸ್‌ಹೇರ್, ಬಹಳ ಅನುಕೂಲ: ಎರಡು ಚುಕ್ಕೆಗಳ ನಡುವಿನ ಅಂತರ 10 ಮೀಟರ್‌ನಲ್ಲಿ 10 ಮಿ.ಮೀ., 30 ಮೀಟರ್‌ನಲ್ಲಿ 30 ಮಿ.ಮೀ. ಆದರೆ ರೆಟಿಕಲ್ ಎರಡನೆಯ ನಾಭಿತಲದಲ್ಲಿದ್ದು, ವರ್ಧನೆಯೊಂದಿಗೆ ಅದರ ಗಾತ್ರ ಬದಲಾಗದ ಸ್ಕೋಪ್‌ಗಳಲ್ಲಿ ಈ ಲೆಕ್ಕ ತಯಾರಕರು ಹೇಳಿದ ಒಂದೇ ವರ್ಧನೆಗೆ ಹೊಂದುತ್ತದೆ. ಮೊದಲ ನಾಭಿತಲದ ಸ್ಕೋಪ್‌ನಲ್ಲಿ ಗುರಿಯೊಂದಿಗೆ ರೆಟಿಕಲ್ ಕೂಡ ಹಿಗ್ಗಿ ಕುಗ್ಗುವುದರಿಂದ ಲೆಕ್ಕ ಬದಲಾಗುವುದಿಲ್ಲ, ಆದರೆ ಕಡಿಮೆ ವರ್ಧನೆಯಲ್ಲಿ ಅದರ ಗೆರೆಗಳು ಕಾಣದಷ್ಟು ತೆಳುವಾಗಬಹುದು.

ಪ್ರಶ್ನೆ: ಮೇಲಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ ಮೇಲೆ ಪೆಲೆಟ್ ನಡುವಿಗೆ ಬಂತು. ಆದರೆ ಈಗ ಹೊಡೆತಗಳು ಚದುರುತ್ತಿವೆ.

ಉತ್ತರ: ನಳಿಕೆಯನ್ನು ಮಡಿಸಿ ಸ್ಪ್ರಿಂಗ್ ಹೂಡುವ ರೈಫಲ್‌ಗಳಲ್ಲಿ ನಳಿಕೆಯ ತುದಿ ಹಳಿಗಿಂತ ತುಸು ಕೆಳಮುಖವಾಗಿರುವುದು ಸಾಮಾನ್ಯ; ಅದನ್ನು ತುಂಬಿಕೊಳ್ಳಲು ಗುಂಡಿಯನ್ನು ಅತಿಯಾಗಿ ಏರಿಸಬೇಕಾಗುತ್ತದೆ. ಸ್ಕೋಪ್‌ನ ಒಳಕೊಳವೆಯನ್ನು ಒಂದು ಸಣ್ಣ ಸ್ಪ್ರಿಂಗ್ ಗುಂಡಿಯ ತಿರುಪಿಗೆ ಒತ್ತಿ ಹಿಡಿದಿರುತ್ತದೆ, ಗುಂಡಿ ಮೇಲಿನ ಕೊನೆ ಮುಟ್ಟಿದಾಗ ಅದರ ಬಿಗಿ ಸಡಿಲವಾಗಿ, ಪ್ರತಿ ಒದೆತಕ್ಕೂ ಒಳಕೊಳವೆ ಅಲುಗುತ್ತದೆ. ಗುಂಡಿಯನ್ನು ನಡುಸ್ಥಾನಕ್ಕೆ ತಂದು, ಹಿಂಬದಿ ಎತ್ತರವಾಗಿರುವ, ಈ ಇಳಿಜಾರನ್ನು ಸರಿದೂಗಿಸಲೆಂದೇ ಮಾಡಿದ ಮೌಂಟನ್ನು ಹಾಕಿರಿ. ಹೊಸ ಸ್ಕೋಪ್ ಬೇಕೇ ಎಂಬ ಪ್ರಶ್ನೆ ಇದಾದ ನಂತರ ಉಳಿದರೆ ನೋಡೋಣ.

ಪ್ರಶ್ನೆ: ಮಗಳು 10 ಮೀಟರ್ ಏರ್ ರೈಫಲ್ ಸ್ಪರ್ಧೆಗೆ ಸಿದ್ಧಳಾಗುತ್ತಿದ್ದಾಳೆ. ಅವಳಿಗೆ ಯಾವ ಸ್ಕೋಪ್ ಕೊಡಿಸಲಿ?

ಉತ್ತರ: ಯಾವುದೂ ಬೇಡ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ) ನಿಯಮಗಳ ಪ್ರಕಾರ ಆ ಸ್ಪರ್ಧೆಯಲ್ಲಿ ದೂರದರ್ಶಕಕ್ಕೆ ಅವಕಾಶವಿಲ್ಲ. ಹಿಂದೆ ಸಣ್ಣ ರಂಧ್ರವುಳ್ಳ ತಟ್ಟೆ, ಮುಂದೆ ಉಂಗುರವುಳ್ಳ ಸುರಂಗ, ಇವುಗಳಿಂದಲೇ 0.5 ಮಿ.ಮೀ. ವ್ಯಾಸದ ಹತ್ತರ ಚುಕ್ಕೆಗೆ ಗುರಿ ಹಿಡಿಯಬೇಕು. ಸ್ಕೋಪ್‌ಗೆಂದು ಎತ್ತಿಟ್ಟ ಹಣದಲ್ಲಿ ಅವಳ ಮೈಕಟ್ಟಿಗೆ ಹೊಂದುವ ಶೂಟಿಂಗ್ ಜಾಕೆಟ್ ಹೊಲಿಸಿಕೊಡಿರಿ.