ಸಂಘದ ಗ್ರಂಥಾಲಯಕ್ಕೆ ಸೂಚಿ ಮಾಡುವುದು ಹೇಗೆ?

ಮುಂಬಯಿಯ ಉಪನಗರವೊಂದರ ನಿಮ್ಮ ಕನ್ನಡ ಸಂಘದಲ್ಲಿ ಎರಡು ಸಾವಿರದಷ್ಟು ಪುಸ್ತಕಗಳಿವೆ, ಅವು ಬಂದ ದಿನಾಂಕದ ಕ್ರಮದಲ್ಲಿ ಬರೆದಿಟ್ಟ ರಿಜಿಸ್ಟರ್ ಒಂದೇ ಆಧಾರ, ಯಾವ ಪುಸ್ತಕ ಇದೆ ಯಾವುದು ಇಲ್ಲ ಎಂಬುದಕ್ಕೆ ಹಿರಿಯ ಕಾರ್ಯದರ್ಶಿಯೊಬ್ಬರ ನೆನಪನ್ನೇ ನಂಬಬೇಕಾಗಿದೆ ಎಂದು ಬರೆದಿದ್ದೀರಿ. ಪುಸ್ತಕಗಳನ್ನು ವಿಷಯವಾರು ಜೋಡಿಸಬೇಕೇ, ಲೇಖಕರ ಹೆಸರಿನ ಪ್ರಕಾರ ಜೋಡಿಸಬೇಕೇ ಎಂದು ಕೇಳಿದ್ದೀರಿ. ಇದೇ ಊರಿನ ಕಾಲೇಜೊಂದರ ಗ್ರಂಥಾಲಯದಲ್ಲಿ ಸೂಚಿ, ಅಂದರೆ ಕ್ಯಾಟಲಾಗ್, ತಯಾರಿಸುವ ಕೆಲಸ ಮಾಡಿ ನಿವೃತ್ತಳಾಗಿದ್ದೇನೆ. ಈಗ ಭಾನುವಾರಗಳಂದು ನಿಮ್ಮದರಂಥದೇ ಇನ್ನೊಂದು ಸಂಘದ ಕಪಾಟುಗಳನ್ನು ನೋಡಿಕೊಳ್ಳುತ್ತೇನೆ. ಆ ಅನುಭವದಿಂದ ಉತ್ತರಿಸುತ್ತಿದ್ದೇನೆ.

ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಕೆಲಸಗಳು ಬೆರೆತಿವೆ: ಪುಸ್ತಕವನ್ನು ಕಪಾಟಿನಲ್ಲಿ ಇಡುವುದು ಒಂದು, ಅದನ್ನು ಸೂಚಿಯಲ್ಲಿ ದಾಖಲಿಸುವುದು ಇನ್ನೊಂದು. ಶಿವರಾಮ ಕಾರಂತರನ್ನೇ ತೆಗೆದುಕೊಳ್ಳಿ. ಅವರು ಕಾದಂಬರಿ ಬರೆದರು, ಯಕ್ಷಗಾನದ ಬಗ್ಗೆ ಬರೆದರು, ಮಕ್ಕಳಿಗಾಗಿ ವಿಜ್ಞಾನವನ್ನೂ ತಮ್ಮ ಪ್ರವಾಸದ ಅನುಭವಗಳನ್ನೂ ಬರೆದರು. ವಿಷಯವಾರು ಜೋಡಿಸಿದರೆ ಕಾರಂತರು ನಾಲ್ಕು ಕಪಾಟುಗಳಲ್ಲಿ ಚದುರಿಹೋಗುತ್ತಾರೆ; ಲೇಖಕರ ಪ್ರಕಾರ ಜೋಡಿಸಿದರೆ ಯಕ್ಷಗಾನವನ್ನು ಹುಡುಕಿಕೊಂಡು ಬಂದವರು ಅವರ ಕಾದಂಬರಿಗಳ ನಡುವೆ ಕೈಯಾಡಿಸಬೇಕಾಗುತ್ತದೆ. ಒಂದು ಪ್ರತಿ ಒಂದೇ ಕಡೆ ನಿಲ್ಲಬಲ್ಲುದಾದ್ದರಿಂದ ಕಪಾಟಿನ ಮಟ್ಟದಲ್ಲಿ ಈ ತೊಡಕಿಗೆ ಪರಿಹಾರವಿಲ್ಲ. ಆದರೆ ಸೂಚಿಯಲ್ಲಿ ಅದೇ ಪುಸ್ತಕದ ಹೆಸರನ್ನು ಕಾರಂತರ ಅಡಿಯಲ್ಲಿಯೂ ಯಕ್ಷಗಾನದ ಅಡಿಯಲ್ಲಿಯೂ ಶೀರ್ಷಿಕೆಯ ಮೊದಲ ಅಕ್ಷರದ ಅಡಿಯಲ್ಲಿಯೂ ಬರೆಯಲು ಯಾರ ಅಡ್ಡಿಯೂ ಇಲ್ಲ. ಆದ್ದರಿಂದ ಜೋಡಣೆ ಯಾವುದಾದರೂ ಸರಳವಾದ ಒಂದು ಕ್ರಮದಲ್ಲಿರಲಿ, ನಿಮ್ಮ ಶ್ರಮವೆಲ್ಲ ಸೂಚಿಗೆ ಸಲ್ಲಲಿ ಎಂಬುದೇ ನನ್ನ ಸಲಹೆ.

ಅಮೆರಿಕದ ಗ್ರಂಥಪಾಲಕ ಚಾರ್ಲ್ಸ್ ಕಟರ್ 1876ರಲ್ಲಿ ಸೂಚಿಯ ನಿಯಮಗಳನ್ನು ಪ್ರಕಟಿಸಿದಾಗ ಹೇಳಿದ್ದು ಬಹುಮಟ್ಟಿಗೆ ಇದನ್ನೇ: ಲೇಖಕ, ಶೀರ್ಷಿಕೆ, ವಿಷಯ ಈ ಮೂರರಲ್ಲಿ ಯಾವುದೊಂದು ಗೊತ್ತಿದ್ದರೂ ಓದುಗನಿಗೆ ಪುಸ್ತಕ ಸಿಗಬೇಕು, ಒಬ್ಬ ಲೇಖಕನದು ಅಥವಾ ಒಂದು ವಿಷಯದ್ದು ಎಂದು ಗ್ರಂಥಾಲಯದಲ್ಲಿ ಏನೆಲ್ಲ ಇದೆ ಎಂಬುದೂ ಅವನಿಗೆ ಕಾಣಬೇಕು. ನಾನು ಕೆಲಸಕ್ಕೆ ಸೇರಿದಾಗ ಇದಕ್ಕಾಗಿ ಹನ್ನೆರಡೂವರೆ ಸೆಂಟಿಮೀಟರ್ ಉದ್ದ, ಏಳೂವರೆ ಸೆಂಟಿಮೀಟರ್ ಎತ್ತರದ ಕಾರ್ಡುಗಳಿದ್ದವು. ಒಂದೊಂದು ಪುಸ್ತಕಕ್ಕೆ ಮೂರು, ನಾಲ್ಕು, ಕೆಲವೊಮ್ಮೆ ಆರು ಕಾರ್ಡು ಬರೆದು ಮರದ ಡ್ರಾಯರುಗಳಲ್ಲಿ ಅಕಾರಾದಿಯಾಗಿ ನಿಲ್ಲಿಸಿ, ಯಾರೂ ಕಿತ್ತುಕೊಳ್ಳದಂತೆ ಕೆಳಗಿನ ತೂತಿನಲ್ಲಿ ಲೋಹದ ಸರಳು ತೂರಿಸುತ್ತಿದ್ದೆವು. ಇಂದು ಕಂಪ್ಯೂಟರ್ ಆ ಡ್ರಾಯರುಗಳ ಸ್ಥಾನದಲ್ಲಿದೆಯೇ ಹೊರತು ಯಾವ ಯಾವ ಹೆಸರಿನಡಿ ಪುಸ್ತಕವನ್ನು ದಾಖಲಿಸಬೇಕು ಎಂದು ಯೋಚಿಸುವ ಕೆಲಸ ಇನ್ನೂ ಮನುಷ್ಯರದೇ.

ವರ್ಗೀಕರಣದ ಬಗ್ಗೆ ಒಂದು ಎಚ್ಚರಿಕೆ. ಯಾರಾದರೂ ನಿಮಗೆ, ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕಗಳನ್ನು ವಿಂಗಡಿಸುವ ಡ್ಯೂಯಿ ದಶಮಾಂಶ ಪದ್ಧತಿಯನ್ನು ಇಡಿಯಾಗಿ ಅನುಸರಿಸಲು ಹೇಳಬಹುದು. ಅದೂ 1876ರದೇ. ಅದರಲ್ಲಿ ಅಮೆರಿಕದವರ ಇಂಗ್ಲಿಷ್ ಸಾಹಿತ್ಯಕ್ಕೆ 810, ಬ್ರಿಟಿಷರದಕ್ಕೆ 820 ಎಂದು ಒಂದೊಂದು ವಿಭಾಗವನ್ನೇ ಬಿಟ್ಟುಕೊಟ್ಟಿದ್ದರೆ, ಕನ್ನಡ ಸಾಹಿತ್ಯವು 894.814ರಷ್ಟು ಒಳಗೆ ಹೋಗಿ ಕೂತಿದೆ. ಅದರ ಕೊನೆಗೆ 1 ಸೇರಿಸಿದರೆ ಕಾವ್ಯ, 2 ಸೇರಿಸಿದರೆ ನಾಟಕ, 3 ಸೇರಿಸಿದರೆ ಕಥೆ-ಕಾದಂಬರಿ. ಕಾಲೇಜಿನಲ್ಲಿ ಹತ್ತು ಭಾಷೆಗಳ ಪುಸ್ತಕಗಳಿರುವುದರಿಂದ ಈ ಸಂಖ್ಯೆಗೆ ಅರ್ಥವಿದೆ. ನಿಮ್ಮಲ್ಲಿ ಮುಕ್ಕಾಲು ಪಾಲು ಪುಸ್ತಕಗಳ ಬೆನ್ನಿನ ಮೇಲೆ ಇದೇ ಆರು ಅಂಕೆಗಳನ್ನು ಬರೆದು ಕೂತರೆ ಓದುಗರಿಗೆ ಯಾವ ಉಪಯೋಗವೂ ಇಲ್ಲ. ಸಾಹಿತ್ಯಕ್ಕೆ ಕಾದಂಬರಿ, ಸಣ್ಣಕಥೆ, ಕವನ, ನಾಟಕ, ಜೀವನಚರಿತ್ರೆ ಎಂಬ ಸರಳ ಗುಂಪುಗಳನ್ನು ಮಾಡಿ, ಒಳಗೆ ಲೇಖಕರ ಹೆಸರಿನ ಅಕಾರಾದಿ ಇಡಿ. ಉಳಿದ ವಿಷಯಗಳಿಗೆ ಮಾತ್ರ ಡ್ಯೂಯಿಯ ಮೂರಂಕಿ ಸಾಕು.

ನಮ್ಮವರೇ ಆದ ಎಸ್.ಆರ್. ರಂಗನಾಥನ್ ಅವರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು; 1933ರಲ್ಲಿ ಕೋಲನ್ ವರ್ಗೀಕರಣ ಎಂಬ ತಮ್ಮದೇ ವಿಂಗಡಣೆಯ ಪದ್ಧತಿಯನ್ನೂ ಮರುವರ್ಷ ಸೂಚೀಕರಣದ ಸಂಹಿತೆಯನ್ನೂ ಕೊಟ್ಟರು; 1962ರಲ್ಲಿ ಬೆಂಗಳೂರಿನಲ್ಲಿ ಈ ವಿದ್ಯೆಗೆಂದೇ ಒಂದು ಸಂಶೋಧನಾ ಕೇಂದ್ರವನ್ನು ಕಟ್ಟಿ, ಅದೇ ಊರಿನಲ್ಲಿ 1972ರಲ್ಲಿ ತೀರಿಕೊಂಡರು. ಗ್ರಂಥಾಲಯಗಳಿಗೆಂದು ಅವರು ಹೇಳಿದ ಪಂಚಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯವನ್ನು ಉಳಿಸಬೇಕು ಎನ್ನುತ್ತದೆ. ಸೂಚಿಯಲ್ಲಿ ಇನ್ನೊಂದು ಸಾಲು ಬರೆಯಬೇಕೇ ಬೇಡವೇ ಎಂಬ ಅನುಮಾನ ಬಂದಾಗಲೆಲ್ಲ ನಾನು ಈ ಸೂತ್ರದ ಪ್ರಕಾರವೇ ತೀರ್ಮಾನಿಸಿದ್ದೇನೆ.

ಕನ್ನಡದ ಸೂಚಿಯಲ್ಲಿ ಅತ್ಯಂತ ಕಷ್ಟದ ಭಾಗ ಲೇಖಕರ ಹೆಸರು. ಕುವೆಂಪು ಎಂದು ಕೇಳುವವರೂ ಇದ್ದಾರೆ, ಕೆ.ವಿ. ಪುಟ್ಟಪ್ಪ ಎಂದು ಹಳೆಯ ಮುದ್ರಣದಲ್ಲಿ ಕಂಡು ಕೇಳುವವರೂ ಇದ್ದಾರೆ. ಬೇಂದ್ರೆಯವರೇ ಅಂಬಿಕಾತನಯದತ್ತರು, ಆದ್ಯ ರಂಗಾಚಾರ್ಯರೇ ಶ್ರೀರಂಗರು, ಅನಸೂಯಾ ಶಂಕರ್ ಅವರೇ ತ್ರಿವೇಣಿ. ಎರಡರಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದನ್ನು ಆರಿಸಿ ಎಲ್ಲ ಪುಸ್ತಕಗಳನ್ನೂ ಅದರ ಅಡಿಯಲ್ಲಿ ತನ್ನಿ. ಇನ್ನೊಂದರ ಜಾಗದಲ್ಲಿ ‘ಪುಟ್ಟಪ್ಪ, ಕೆ.ವಿ.: ಕುವೆಂಪು ನೋಡಿ’ ಎಂಬ ಒಂದೇ ಸಾಲು ಇರಲಿ. ಇನ್ನು ಇನಿಷಿಯಲ್‌ಗಳ ವಿಚಾರ: ಯು.ಆರ್. ಅನಂತಮೂರ್ತಿ ಎಂಬಲ್ಲಿ ಮೊದಲ ಅಕ್ಷರ ಊರಿನದು, ಎರಡನೆಯದು ತಂದೆಯದು, ಆದ್ದರಿಂದ ಅವರ ಸ್ವಂತ ಹೆಸರೇ ಸೂಚಿಯ ಹೆಸರಾಗುತ್ತದೆ. ಯಶವಂತ ಚಿತ್ತಾಲ ಎಂಬಲ್ಲಿ ಮನೆತನದ ಹೆಸರು ಚಿತ್ತಾಲ, ಹಾಗಾಗಿ ಅದು ಮೊದಲು ಬರುತ್ತದೆ. ಮರಾಠಿ ಮಾತನಾಡುವ ಸ್ವಯಂಸೇವಕರು ಎಲ್ಲರಿಗೂ ಅಡ್ಡಹೆಸರು ಇದ್ದೇ ಇರುತ್ತದೆಂದು ಭಾವಿಸಿ ಇಲ್ಲಿ ತೊಡಕಿಗೆ ಸಿಲುಕುವುದನ್ನು ಕಂಡಿದ್ದೇನೆ. ನೀವು ಮಾಡಿದ ಪ್ರತಿಯೊಂದು ತೀರ್ಮಾನವನ್ನೂ ಬೇರೆ ನೋಟ್‌ಬುಕ್ಕಿನಲ್ಲಿ ಬರೆದಿಡಿ, ಇಲ್ಲವಾದರೆ ಮುಂದಿನ ವರ್ಷ ಬರುವವರು ಇನ್ನೊಂದು ರೀತಿಯಲ್ಲಿ ಬರೆಯುತ್ತಾರೆ, ಒಬ್ಬ ಲೇಖಕ ಮತ್ತೆ ಇಬ್ಬರಾಗುತ್ತಾರೆ. ಊರಿನ ಹೆಸರಿಗೂ ಇದೇ ನಿಯಮ. ಮುಂಬಯಿ, ಮುಂಬೈ, ಬೊಂಬಾಯಿ ಮೂರೂ ಕಡೆ ಹಂಚಿಹೋದ ಪುಸ್ತಕಗಳನ್ನು ನಮ್ಮಲ್ಲಿ ಒಟ್ಟುಗೂಡಿಸಲು ಒಂದು ಮಳೆಗಾಲವೇ ಹಿಡಿಯಿತು.

ಈ ಊರಿನ ಓದುಗರಿಗಾಗಿ ಎರಡು ಹೆಚ್ಚುವರಿ ದಾಖಲೆಗಳು ಬೇಕು. ಅನುವಾದಗಳಿಗೆ ಮೂಲ ಲೇಖಕ, ಅನುವಾದಕ ಇಬ್ಬರ ಅಡಿಯಲ್ಲೂ ಸಾಲು ಇರಲಿ, ಏಕೆಂದರೆ ಕನ್ನಡಕ್ಕೆ ಬಂದಿರುವ ಮರಾಠಿ ಲೇಖಕ ವಿ.ಸ. ಖಾಂಡೇಕರ್ ಅವರ ಕಾದಂಬರಿಗಳನ್ನು ಕೇಳುವವರಲ್ಲಿ ಹೆಚ್ಚಿನವರಿಗೆ ಅನುವಾದಕರ ಹೆಸರು ತಿಳಿದಿರುವುದಿಲ್ಲ. ಎರಡನೆಯದು, ಶೀರ್ಷಿಕೆಯನ್ನೂ ಲೇಖಕರ ಹೆಸರನ್ನೂ ರೋಮನ್ ಲಿಪಿಯಲ್ಲಿ ಒಮ್ಮೆ ಬರೆಯಿರಿ. ಕನ್ನಡ ಮಾತನಾಡುವ, ಆದರೆ ಕನ್ನಡ ಓದಲು ಬಾರದ ಮಕ್ಕಳು ಅಜ್ಜಿಗೆ ಬೇಕಾದ ಪುಸ್ತಕವನ್ನು ಫೋನಿನಲ್ಲಿ ಹುಡುಕುವುದು ಆ ಲಿಪಿಯಲ್ಲಿಯೇ.

ಕಂಪ್ಯೂಟರಿಗೆ ಹಾಕುವಾಗ, ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಯೂನಿಕೋಡ್ ಅಕ್ಷರಗಳನ್ನು ಬಿಟ್ಟು ಬೇರೆ ಯಾವುದರಲ್ಲೂ ಟೈಪ್ ಮಾಡಬೇಡಿ. ನಾನು ಬಲ್ಲ ಒಂದು ಸಂಸ್ಥೆಯವರು ವರ್ಷಗಟ್ಟಲೆ ಶ್ರಮಪಟ್ಟು ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ ಪಟ್ಟಿ, ಯಂತ್ರ ಬದಲಾದ ದಿನ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಯಿತು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದುದೇ ಇದಕ್ಕೆ ಕಾರಣ. ಯೂನಿಕೋಡಿನಲ್ಲಿಯೂ ಖಾಂಡೇಕರ, ಖಾಂಡೇಕರ್ ಎರಡು ಬೇರೆ ಪದಗಳೆಂದೇ ಯಂತ್ರ ತಿಳಿಯುವುದರಿಂದ ಕಾಗುಣಿತವೂ ನೋಟ್‌ಬುಕ್ಕಿನ ಪ್ರಕಾರವೇ ಇರಬೇಕು. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ, ಆದರೆ ಅದನ್ನು ನೋಡಿಕೊಳ್ಳಲು ತಿಳಿದವರೊಬ್ಬರು ಬೇಕು. ಎರಡು ಸಾವಿರ ಪುಸ್ತಕಗಳಿಗೆ ಸದ್ಯ ಒಂದು ಸ್ಪ್ರೆಡ್‌ಶೀಟ್ ಧಾರಾಳ. ರಿಜಿಸ್ಟರನ್ನು ಮಾತ್ರ ನಿಲ್ಲಿಸಬೇಡಿ. ಅದರ ಕ್ರಮಸಂಖ್ಯೆಯೇ ಪ್ರತಿಯೊಂದು ಪ್ರತಿಯ ಗುರುತು.

ನಮ್ಮಲ್ಲಿ ಇಬ್ಬರು ಕೂತರೆ ಒಂದು ಭಾನುವಾರಕ್ಕೆ ಐವತ್ತು ಪುಸ್ತಕ ಮುಗಿಯುತ್ತವೆ. ಹಾಗಾಗಿ ನಿಮಗೆ ಹತ್ತಿರ ಹತ್ತಿರ ಒಂದು ವರ್ಷ ಬೇಕಾದೀತು. ದಿನವೂ ಕೈಗೆ ಸಿಗುವ ಜನಪ್ರಿಯ ಕಾದಂಬರಿಗಳಿಂದ ಆರಂಭಿಸಬೇಡಿ. ಮನೆಗಳು ರೀಡೆವಲಪ್‌ಮೆಂಟಿಗೆ ಹೋದಾಗ ಕುಟುಂಬದವರು ತಂದುಕೊಟ್ಟ, ಮುಖಪುಟ ಹರಿದ, ಯಾರದೆಂದು ಮೇಲ್ನೋಟಕ್ಕೆ ತಿಳಿಯದ ಪುಸ್ತಕಗಳು ಪೆಟ್ಟಿಗೆಗಳಲ್ಲಿ ಇದ್ದೇ ಇರುತ್ತವೆ; ಅವನ್ನು ಮೊದಲು ಮೇಜಿಗೆ ತಂದು, ಹಿರಿಯ ಕಾರ್ಯದರ್ಶಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಿ.